ಕಣ್ಣಿಗೆ ಕಾಣುವ ಪದ ಎಡಿಟರ್‌ಗೆ ಯಾಕೆ ಸಿಗಲ್ಲ?

ಪ್ರಶ್ನೆ: ಜಿಲ್ಲೆಯ ಹೋಮ್‌ಸ್ಟೇಗಳ ವಿಳಾಸವನ್ನೆಲ್ಲ ಒಂದೇ ಟೆಕ್ಸ್ಟ್ ಫೈಲಿನಲ್ಲಿ ಇಟ್ಟುಕೊಂಡಿದ್ದೇವೆ. ‘ಗೋಣಿಕೊಪ್ಪಲು’ ಅಂತ ಹುಡುಕಿದರೆ ಕೆಲವು ಸಾಲು ಸಿಗುತ್ತವೆ, ಕೆಲವು ಇಲ್ಲ. ಎದುರಿಗೇ ಕಾಣುತ್ತಿದ್ದರೂ ಟೆಕ್ಸ್ಟ್ ಎಡಿಟರ್ ಇಲ್ಲ ಅನ್ನುತ್ತದೆ. ಕಂಪ್ಯೂಟರ್ ಗೊತ್ತಿರುವ ಹುಡುಗನನ್ನು ಕರೆಸಿದರೆ ಅವನಿಗೆ ಮಾತ್ರ ಸಿಗುತ್ತದೆ! ಬೇರೆ ಎಡಿಟರ್ ಹಾಕಿಕೊಳ್ಳಬೇಕಾ?

ಉತ್ತರ: ಸದ್ಯಕ್ಕೆ ಬೇಡ. ಎಡಿಟರ್ ಬದಲಿಸಿದರೂ ತೊಂದರೆ ಫೈಲಿನ ಜೊತೆಗೇ ಬರುವ ಸಾಧ್ಯತೆ ಜಾಸ್ತಿ.

ಮೊದಲು ಯಾವ ಊರು ತಪ್ಪಿಸಿಕೊಳ್ಳುತ್ತದೆ, ಯಾವುದು ತಪ್ಪದೆ ಸಿಗುತ್ತದೆ ಎಂದು ಬರೆದಿಡಿ. ಸಿಕ್ಕಿದ್ದನ್ನು ಯಾರೂ ಬರೆದಿಡುವುದಿಲ್ಲ, ಆದರೆ ಸುಳಿವು ಇರುವುದು ಅಲ್ಲೇ. ನನ್ನ ಅಂದಾಜಿನಲ್ಲಿ ನಿಮಗೆ ಕುಶಾಲನಗರ, ಭಾಗಮಂಡಲ ಯಾವತ್ತೂ ಕೈಕೊಡುವುದಿಲ್ಲ. ಮಡಿಕೇರಿ, ನಾಪೋಕ್ಲು, ವಿರಾಜಪೇಟೆ ಆಗಾಗ ಕೈಕೊಡುತ್ತವೆ.

ಕಾರಣ ಸ್ವರಚಿಹ್ನೆಗಳು. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದೊಂದು ಸಂಕೇತ ಕೊಡುವ ಪದ್ಧತಿಯೇ ಯೂನಿಕೋಡ್. ಯೂನಿಕೋಡ್‌ನಲ್ಲಿ ‘ಕೊ’ ಬರೆಯಲು ಎರಡು ದಾರಿ ಇವೆ. ‘ಕ’ದ ಮುಂದೆ ಒತ್ವದ ಒಂದೇ ಚಿಹ್ನೆ ಹಾಕಬಹುದು. ಇಲ್ಲವೇ ಎತ್ವ ಒಂದು, ಊ ಕಾರದ ಕೊಂಬು ಒಂದು ಅಂತ ಬಿಡಿಬಿಡಿಯಾಗಿ ಹಾಕಬಹುದು. ತೆರೆಯ ಮೇಲೆ ಎರಡೂ ಒಂದೇ. ‘ಗೋ’ದಲ್ಲಿ ದೀರ್ಘದ ಗುರುತೂ ಬೇರೆಯಾಗಿ ಕೂರಬಹುದು. ಈ, ಏ, ಐ ಚಿಹ್ನೆಗಳಿಗೂ ಇದೇ ಕಥೆ. ಅನೇಕ ಎಡಿಟರ್‌ಗಳು ಹುಡುಕುವಾಗ ಆಕಾರ ನೋಡುವುದಿಲ್ಲ, ಸಂಕೇತ ನೋಡುತ್ತವೆ. ಸಂಕೇತ ಬೇರೆಯಾದರೆ ಪದವೂ ಬೇರೆ, ಅಷ್ಟೇ.

ಇದನ್ನು ನೀವೇ ಪರೀಕ್ಷಿಸಬಹುದು. ಪಟ್ಟಿಯಿಂದ ‘ಕೊಡಗು’ ಪದವೊಂದನ್ನೇ ಕಾಪಿ ಮಾಡಿ, ಖಾಲಿ ಫೈಲಿಗೆ ಹಾಕಿ. ಹಿಂದೆ ಮುಂದೆ ಸ್ಪೇಸ್ ಬೇಡ, ಎಂಟರ್ ಬೇಡ. ಯುಟಿಎಫ್-8ರಲ್ಲಿ (ಯೂನಿಕೋಡ್ ಪಠ್ಯವನ್ನು ಉಳಿಸುವ ಒಂದು ವಿಧಾನ) ಸೇವ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಗಾತ್ರ ನೋಡಿ. 15 ಬೈಟ್ ಇದ್ದರೆ ಕೂಡಿಸಿದ ‘ಕೊ’, 18 ಇದ್ದರೆ ಬಿಡಿಸಿದ ‘ಕೊ’. ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. (ಸೇವ್ ಮಾಡುವಾಗ ‘ಬಿಒಎಂ’ (ಫೈಲಿನ ಆರಂಭದಲ್ಲಿ ಕೂರುವ ಕಾಣದ ಗುರುತು) ಸೇರಿಸಿದ್ದರೆ ಇನ್ನೂ 3 ಕೂಡಿಕೊಳ್ಳುತ್ತದೆ, ಮೋಸಹೋಗಬೇಡಿ.)

ಹುಡುಗನ ಕೈಗುಣ ಏನೆಂದು ಈಗ ಊಹಿಸಬಹುದು. ನೀವು ಪದವನ್ನು ಟೈಪ್ ಮಾಡಿ ಹುಡುಕುತ್ತೀರಿ. ಅವನು ಬಹುಶಃ ಸಾಲಿನಿಂದಲೇ ಪದ ಕಾಪಿ ಮಾಡಿ ಹುಡುಕಿದ್ದಾನೆ. ಆಗ ಸಿಗದೇ ಇರುತ್ತದಾ?

ಬಿಡಿಸಿದ ರೂಪ ಎಲ್ಲಿಂದ ಬಂತು? ಹಳೆಯ ಮ್ಯಾಕ್‌ಗಳು ಫೈಲಿನ ಹೆಸರನ್ನು ಹೀಗೆ ಬಿಡಿಸಿಯೇ ಇಡುತ್ತಿದ್ದವು. ಪಿಡಿಎಫ್‌ನಿಂದ ಕಾಪಿ ಮಾಡಿದ್ದು, ‘ನುಡಿ’ ತಂತ್ರಾಂಶದ ಹಳೆಯ ಕಡತವನ್ನು ಅರೆಬರೆ ಪರಿವರ್ತಿಸಿದ್ದು ಕೂಡ ಕಾರಣ ಇರಬಹುದು. ಮೊದಲು ಫೈಲಿನ ಪ್ರತಿ ಇಟ್ಟುಕೊಂಡು, ಇಡೀ ಪಠ್ಯವನ್ನು ‘ಎನ್‌ಎಫ್‌ಸಿ’ ರೂಪಕ್ಕೆ, ಅಂದರೆ ಚಿಹ್ನೆಗಳನ್ನು ಕೂಡಿಸಿದ ರೂಪಕ್ಕೆ, ತನ್ನಿ. ಪೈಥಾನ್ ಬಲ್ಲವರಿಗೆ ಇದು ಎರಡು ಮೂರು ಸಾಲಿನ ಕೆಲಸ. ‘ಎಸ್ಟೇಟ್’ನಂಥ ಪದದ ಕೊನೆಯಲ್ಲಿ ಕೂತಿರುವ ಕಾಣದ ಜೋಡಣೆ ಅಕ್ಷರಗಳು (ಒತ್ತಕ್ಷರ ಕೂಡಬೇಕೇ ಬೇಡವೇ ಎಂದು ಹೇಳುವಂಥವು) ಮಾತ್ರ ಇದರಿಂದ ಹೋಗುವುದಿಲ್ಲ. ಅವನ್ನು ಬೇರೆಯಾಗಿ ನೋಡಬೇಕು. ಹೋಮ್‌ಸ್ಟೇ ಪದದ ನಡುವೆ ಇರುವುದನ್ನು ತೆಗೆದರೆ ಒತ್ತಕ್ಷರ ಅಂಟಿಕೊಳ್ಳುತ್ತದೆ, ಹಾಗಾಗಿ ಕಣ್ಣುಮುಚ್ಚಿ ಎಲ್ಲವನ್ನೂ ಅಳಿಸಬೇಡಿ.

ಇದು ಯಾವಾಗಲೋ ಬರುವ ದೋಷದಂತೆ ಕಂಡರೂ ಅದಕ್ಕೊಂದು ನಿಯಮ ಇತ್ತು. ಎಡಿಟರ್ ಆಗಾಗ ಸುಮ್ನೆ ನಿಂತುಬಿಡುವಂಥ ದೋಷ ಇದಕ್ಕಿಂತ ತಲೆನೋವು. ಆಗ ಎಕ್ಸ್‌ಟೆನ್ಷನ್‌ಗಳನ್ನು (ಎಡಿಟರ್‌ಗೆ ಸೇರಿಸಿಕೊಂಡ ಹೆಚ್ಚುವರಿ ಸೌಲಭ್ಯಗಳು) ಅರ್ಧರ್ಧ ಆಫ್ ಮಾಡುತ್ತಾ ಬನ್ನಿ. ವಿಎಸ್ ಕೋಡ್ ಎಂಬ ಎಡಿಟರ್‌ನಲ್ಲಿ ಇದಕ್ಕೆಂದೇ ‘ಎಕ್ಸ್‌ಟೆನ್ಷನ್ ಬೈಸೆಕ್ಟ್’ ಇದೆ. ಆದರೆ ಅವಸರ ಬೇಡ. ಐದು ಸಲಕ್ಕೆ ಒಮ್ಮೆ ಬರುವ ದೋಷ ಸತತ ಐದು ಸಲ ಬರದಿರುವ ಸಾಧ್ಯತೆಯೇ ಸುಮಾರು ಮೂರರಲ್ಲಿ ಒಂದು. ಹದಿನೈದು ಸಲ ಬರಲಿಲ್ಲ ಅಂದರೆ ಸ್ವಲ್ಪ ನಂಬಬಹುದು. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಹೋಗಿ ಬಂದ ಹೊತ್ತನ್ನೂ ಬರೆದಿಡಿ. ನೆಟ್‌ವರ್ಕ್ ಡ್ರೈವ್‌ನಲ್ಲಿರುವ ಫೈಲಿಗಾಗಿ ಕಾಯುತ್ತಾ ನಿಲ್ಲುವ ಎಡಿಟರ್‌ಗಳೂ ಇವೆ.

ಯಾರಿಗಾದರೂ ತೋರಿಸುವುದಿದ್ದರೆ ಸ್ಕ್ರೀನ್‌ಶಾಟ್ ಕಳಿಸಬೇಡಿ, ಅದರಲ್ಲಿ ಎರಡು ‘ಕೊ’ಗಳೂ ಒಂದೇ. ಸಿಗದ ಒಂದು ಸಾಲು, ಸಿಗುವ ಒಂದು ಸಾಲು ಇರುವ ಫೈಲನ್ನೇ ಜಿಪ್ ಮಾಡಿ ಕಳಿಸಿ. ಫೋನ್ ನಂಬರ್‌ಗಳನ್ನು ಮೊದಲೇ ಅಳಿಸಿ.