ಮೂರು ತಲೆಮಾರು, ಒಂದೇ ಮೈಕ್ರಾನ್ ತಲೆನೋವು

ಮನೆಯವ್ರೇ ನಡೆಸೋ ಸಣ್ಣ ಮಷೀನ್ ಶಾಪ್ ಒಂದನ್ನ ನೆನೆಸ್ಕೊಳ್ಳಿ. ಮೂಲೇಲಿ ಅಜ್ಜನ ಕಾಲದ ಲೇತ್ (ಲೋಹದ ತುಂಡನ್ನ ಗರಗರ ತಿರುಗಿಸಿ ಕೆತ್ತೋ ಮಷೀನು), ಬಾಗಿಲ ಹತ್ರ ಮೊಮ್ಮಗಳು ಸಾಲ ಮಾಡಿ ತಂದ, ಕಂಪ್ಯೂಟರ್ ಓಡಿಸೋ ಸಿಎನ್‌ಸಿ. ಎರಡೂ ಒದ್ದಾಡೋದು ಮಿಲಿಮೀಟರಿನ ನೂರರಲ್ಲಿ ಒಂದು ಭಾಗಕ್ಕೆ, ಅಂದ್ರೆ 10 ಮೈಕ್ರಾನಿಗೆ, ನಮ್ಮ ತಲೆಕೂದಲೇ ಅದರ ಏಳೆಂಟು ಪಟ್ಟು ದಪ್ಪ ಇರುತ್ತೆ ನೋಡಿ.

ಅಜ್ಜನ ಲೇತಲ್ಲಿ ಹ್ಯಾಂಡಲ್ ತಿರುಗಿಸಿದ್ರೆ ಒಳಗೆ ಸ್ಕ್ರೂ ತಿರುಗಿ ಟೂಲ್, ಅಂದ್ರೆ ಲೋಹ ಕೆತ್ತೋ ಉಳಿ, ಮುಂದೆ ಹೋಗುತ್ತೆ (1800ರ ಆಸುಪಾಸಲ್ಲಿ ಲಂಡನ್ನಿನ ಹೆನ್ರಿ ಮಾಡ್‌ಸ್ಲೇ ಕರಾರುವಾಕ್ಕಾಗಿ ಥ್ರೆಡ್ ಹಾಕೋ ಲೇತ್ ಮಾಡಿದ್ಮೇಲೆ ಈ ಕೆಲಸಕ್ಕೆ ಬೇರೆನೇ ಖದರು ಬಂತು). ಆದ್ರೆ ಸ್ಕ್ರೂ, ನಟ್ಟು ಸವೆದು ಸವೆದು ಮಧ್ಯೆ ಲೂಸ್ ಬರುತ್ತೆ, ಬ್ಯಾಕ್‌ಲಾಶ್ ಅಂತಾರಲ್ಲ ಅದು, ಹ್ಯಾಂಡಲ್ ಉಲ್ಟಾ ತಿರುಗಿಸಿದ್ರೆ ಡಯಲ್ ಓಡುತ್ತೆ, ಟೂಲ್ ಮಾತ್ರ ಕೂತಲ್ಲೇ ಕೂತಿರುತ್ತೆ. ಅದಕ್ಕೇ ಅಜ್ಜ ಪ್ರತಿ ಸಲ ಬೇಕಾದ್ದಕ್ಕಿಂತ ಜಾಸ್ತಿ ಹಿಂದೆ ಎಳೆದು ಮತ್ತೆ ಮುಂದಕ್ಕೆ ಬಂದು ಸೆಟ್ ಮಾಡ್ತಿದ್ರು.

ಅವ್ರು ಗ್ರೈಂಡರ್ ಮುಂದೆ ನಿಂತು ಸಾಣೆ ಹಿಡೀತಿದ್ದಿದ್ದು ಹೈಸ್ಪೀಡ್ ಸ್ಟೀಲ್ ಟೂಲ್, ಸುಮಾರು 600 ಡಿಗ್ರಿ ಕಾದ್ರೂ ಅದು ಗಟ್ಟಿಯಾಗೇ ಇರುತ್ತೆ. ಅಪ್ಪ ಕಾರ್ಬೈಡ್ (ಟಂಗ್‌ಸ್ಟನ್, ಕಾರ್ಬನ್ ಸೇರಿದ ಗಟ್ಟಿ ವಸ್ತು) ಟೂಲ್ ತಂದ್ರು. 1920ರ ದಶಕದಲ್ಲಿ ಜರ್ಮನಿಯವ್ರು ಅದಕ್ಕೆ ಇಟ್ಟ ಹೆಸರೇ ವಿಡಿಯಾ, 'ವಜ್ರದ ಹಾಗೆ' ಅಂತ. ಇನ್ನೂ ಜಾಸ್ತಿ ಬಿಸಿ ತಡೆಯುತ್ತೆ, ಕೆಲವು ಪಟ್ಟು ಜಾಸ್ತಿ ಸ್ಪೀಡಲ್ಲಿ ಓಡಿಸ್ಬೋದು. ಸರಿನೇ, ಆದ್ರೆ ಅದು ಪೆಡಸು, ಹಳೇ ಲೇತ್ ಸ್ವಲ್ಪ ನಡುಗಿದ್ರೂ ಅಂಚು ಉದುರುತ್ತೆ. ಟೂಲ್ ಬದಲಾಯಿಸೋಕೆ ಹೋಗಿ ಬೇರಿಂಗು, ಬೆಲ್ಟು, ಕೊನೆಗೆ ಮೋಟಾರೂ ಬದಲಾಯಿಸ್ಬೇಕಾಯ್ತು, ಗುಂಡಿ ಹಾಕ್ಸೋಕೆ ಹೋಗಿ ಹೊಸ ಅಂಗಿನೇ ಹೊಲಿಸ್ದಂಗೆ.

ನಂಬರ್ ಕೊಟ್ಟು ಮಷೀನ್ ಓಡಿಸೋದನ್ನ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವ್ರು 1952ರಲ್ಲೇ ತೋರಿಸಿದ್ರು, ತೂತು ಹೊಡೆದ ಟೇಪಲ್ಲಿ. ಸಣ್ಣ ಶಾಪಿನವ್ರ ಕೈಗೆ ಎಟುಕಿದ್ದು ಮೈಕ್ರೋಪ್ರೊಸೆಸರ್ ಅಗ್ಗ ಆದ್ಮೇಲೆ. ಮೊಮ್ಮಗಳ ಸಿಎನ್‌ಸಿಲಿ ಸ್ಕ್ರೂಗೂ ನಟ್ಟಿಗೂ ಮಧ್ಯೆ ಸಣ್ಣ ಸಣ್ಣ ಗುಂಡು ಉರುಳುತ್ವೆ, ಲೂಸ್ ಇಲ್ಲ ಅನ್ನೋಷ್ಟು ಕಮ್ಮಿ. ಅಜ್ಜನ ಕೈಚಳಕದ ಒಂದು ಭಾಗ ಆ ಗುಂಡುಗಳಿಗೆ ಹೋಯ್ತು ಅನ್ನಿ.

ಬಿಸಿ ಮಾತ್ರ ಯಾರ ಮಾತೂ ಕೇಳಲ್ಲ. ಒಂದು ಮೀಟರ್ ಉಕ್ಕು 1 ಡಿಗ್ರಿ ಕಾದ್ರೆ ಹೆಚ್ಚುಕಮ್ಮಿ 11.5 ಮೈಕ್ರಾನ್ ಹಿಗ್ಗುತ್ತೆ. 100 ಮಿಲಿಮೀಟರ್ ದಪ್ಪದ ಜಾಬ್ (ಕೆತ್ತಿದ ತುಂಡು) 20 ಡಿಗ್ರಿ ಜಾಸ್ತಿ ಬಿಸಿ ಇದ್ದಾಗ ಅಳೆದು ಓಕೆ ಅಂದ್ರೆ, ತಣ್ಣಗಾದ್ಮೇಲೆ ಅದು 0.023 ಮಿಲಿಮೀಟರ್ ಸಣ್ಣ, ಅಂದ್ರೆ ಸ್ಕ್ರಾಪ್. ಅಳತೆಗಳನ್ನೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಅಂತ ಜಗತ್ತೆಲ್ಲ ಒಪ್ಕೊಂಡಿರೋದು ಇದಕ್ಕೇ. ಮೊಮ್ಮಗಳೂ ದಪ್ಪ ಅಳೆಯೋ ಮೈಕ್ರೋಮೀಟರ್ ಹಾಕೋ ಮುಂಚೆ ಅಂಗೈ ತಿರುಗಿಸಿ ಜಾಬ್ ಮುಟ್ಟಿ ನೋಡ್ತಾಳೆ, ಬಿಸಿ ಇದ್ರೆ ಪಕ್ಕಕ್ಕಿಡ್ತಾಳೆ.

ಹಾಗಂತ ಹಳೇ ಲೇತ್ ಗುಜರಿಗೆ ಹೋಗ್ಲಿಲ್ಲ. ಇನ್ನೂರು ಪೀಸ್ ಆರ್ಡರ್ ಇದ್ರೆ ಸಿಎನ್‌ಸಿ ಮುಂದೆ ಯಾರೂ ನಿಲ್ಲಲ್ಲ, ಆದ್ರೆ ಯಾರೋ ಒಂದೇ ಒಂದು ಸವೆದ ಶಾಫ್ಟ್ ತಂದು ಇವತ್ತೇ ಬೇಕು ಅಂದಾಗ, ಪ್ರೋಗ್ರಾಂ ಬರೆದು ಟೂಲ್ ಸೆಟ್ ಮಾಡೋಷ್ಟರಲ್ಲಿ ಮೂಲೆಯ ಲೇತಲ್ಲಿ ಕೆಲಸಾನೇ ಮುಗ್ದಿರುತ್ತೆ. ಹ್ಯಾಂಡಲ್ ಮಾತ್ರ ಜಾಸ್ತಿನೇ ಹಿಂದೆ ಎಳೆದು ಮುಂದೆ ಬರ್ಬೇಕು.