ಗುಲಗಂಜಿ ತೂಕ ಹಿಡಿದು ಇತಿಹಾಸ ಕೇಳಿದ ಕೋಸಂಬಿ

ಹಳೇ ಬೆಳ್ಳಿ ನಾಣ್ಯ ತೂಕಕ್ಕೆ ಇಡೋಕೆ ಮುಂಚೆ ನಾನು ಫ್ಯಾನ್ ಆಫ್ ಮಾಡ್ತೀನಿ, ಸ್ವಲ್ಪ ಗಾಳಿ ಆಡಿದ್ರೂ ತಕ್ಕಡಿಯ ಕೊನೇ ಅಂಕಿ ನಿಲ್ಲಲ್ಲ, ನಾಣ್ಯ ಇರೋದೇ ಮೂರು ಚಿಲ್ಲರೆ ಗ್ರಾಂ. ಮ್ಯೂಸಿಯಂ ನಾಣ್ಯ ವಿಭಾಗದಲ್ಲಿ ನಂದು ಇದೇ ಕೆಲಸ, ತಕ್ಕಡಿ ಮುಂದೆ ಕೂತಾಗೆಲ್ಲ ಗಣಿತಜ್ಞ, ಇತಿಹಾಸಕಾರ ಡಿ.ಡಿ. ಕೋಸಂಬಿ ನೆನಪಾಗ್ತಾರೆ. ಮಾರ್ಕ್ಸ್‌ವಾದಿ ಅಂತ ಒಬ್ರು ಅವರನ್ನ ಬೈತಾರೆ, ಅದೇ ಕಾರಣಕ್ಕೆ ಇನ್ನೊಬ್ರು ಹೊತ್ತು ಮೆರೆಸ್ತಾರೆ, ಅವರು ಕೈಯಾರೆ ಮಾಡಿದ ಕೆಲಸದ ಬಗ್ಗೆ ಮಾತಾಡೋರು ಕಮ್ಮಿ, ನಂಗೆ ಅದೇ ಬೇಜಾರು.

1907ರಲ್ಲಿ ಗೋವಾದಲ್ಲಿ ಹುಟ್ಟಿದ್ರು, ತಂದೆ ಧರ್ಮಾನಂದ ಕೋಸಂಬಿ ದೊಡ್ಡ ಪಾಲಿ ವಿದ್ವಾಂಸರು. ಮಗ 1929ರಲ್ಲಿ ಹಾರ್ವರ್ಡ್ ಡಿಗ್ರಿ ಮುಗಿಸಿ ಬಂದು ಬನಾರಸ್, ಅಲಿಗಢ, ಆಮೇಲೆ ಪುಣೆಯಲ್ಲಿ ಪಾಠ ಮಾಡಿದ್ದು ಗಣಿತ. ಸಂಖ್ಯಾಶಾಸ್ತ್ರ ತಾವೇ ಕಲಿಯೋಕೆ ಕೈಗೆ ಒಂದು ನಿಜವಾದ ಲೆಕ್ಕ ಬೇಕಿತ್ತು, ಹಾಗೆ ಪಂಚ್ ಮಾರ್ಕ್ ನಾಣ್ಯ, ಅಂದ್ರೆ ಪ್ರಾಚೀನ ಭಾರತದ ಮುದ್ರೆ ಒತ್ತಿದ ಬೆಳ್ಳಿ ನಾಣ್ಯ, ಹಿಡ್ಕೊಂಡ್ರು.

ಈ ನಾಣ್ಯದ ಮೇಲೆ ರಾಜನ ಹೆಸರಿಲ್ಲ, ಇಸವಿ ಇಲ್ಲ, ಸೂರ್ಯ, ಬೆಟ್ಟ, ಗೂಳಿ ಇಂಥ ಗುರುತುಗಳನ್ನ ಒತ್ತಿರ್ತಾರೆ ಅಷ್ಟೆ. ಹಾಗಾದ್ರೆ ಯಾವುದು ಮೊದಲಿನದು ಅಂತ ಹೇಳೋದು ಹೇಗೆ? ಕಾರ್ಷಾಪಣ ಅಂತ ಕರೆಯೋ ಈ ನಾಣ್ಯದ ತೂಕ 32 ಗುಲಗಂಜಿ, ಅಂದ್ರೆ ಸುಮಾರು 3.4 ಗ್ರಾಂ. ಟಂಕಸಾಲೆಯಿಂದ ಹೊರಬಂದಾಗ ಎಲ್ಲಾ ನಾಣ್ಯ ಹೆಚ್ಚೂಕಮ್ಮಿ ಒಂದೇ ತೂಕ ಇರ್ತವೆ, ಕೈಯಿಂದ ಕೈಗೆ ಓಡಾಡ್ತಾ ಸವೆಯುತ್ತವೆ, ಆದ್ರೆ ಒಂದು ಯಾರದೋ ಗಡಿಗೆಯಲ್ಲಿ ಕೂತಿರುತ್ತೆ ಇನ್ನೊಂದು ಸಂತೆಯಿಂದ ಸಂತೆಗೆ ಅಲೀತಾ ಇರುತ್ತೆ, ಅದಕ್ಕೇ ಕಾಲ ಕಳೆದ ಹಾಗೆ ಸರಾಸರಿ ತೂಕ ಇಳಿಯೋದು ಒಂದು ಕಡೆ, ನಾಣ್ಯ ನಾಣ್ಯದ ಮಧ್ಯೆ ವ್ಯತ್ಯಾಸ ಜಾಸ್ತಿ ಆಗೋದು ಇನ್ನೊಂದು ಕಡೆ. ಇದು ನಿಜಾನಾ ಅಂತ ನೋಡೋಕೆ ಕೋಸಂಬಿ ತಮ್ಮ ಕಾಲದ ಚಲಾವಣೆ ನಾಣ್ಯಗಳನ್ನ ಸಾವಿರಗಟ್ಟಲೆ, ಒಂದೊಂದಾಗಿ ತೂಗಿದ್ರು, ಅವುಗಳ ಮೇಲೆ ಇಸವಿ ಇರುತ್ತಲ್ಲ. ಆಮೇಲೆ ತಕ್ಷಶಿಲೆಯಲ್ಲಿ ಸಿಕ್ಕ ಪಂಚ್ ಮಾರ್ಕ್ ನಾಣ್ಯಗಳ ನಿಧಿಗೆ ಇದೇ ಲೆಕ್ಕ ಹಾಕಿದ್ರು. ಹಿಂಭಾಗದಲ್ಲಿ ಸಣ್ಣ ಮುದ್ರೆ ಜಾಸ್ತಿ ಇರೋ ನಾಣ್ಯದ ತೂಕ ಕಮ್ಮಿ ಅಂತ ಗೊತ್ತಾಯ್ತು, ಅಂದ್ರೆ ಆ ಮುದ್ರೆಗಳು ವರ್ತಕರು ಆಗಾಗ ಪರೀಕ್ಷೆ ಮಾಡಿ ಒತ್ತಿದ್ದು ಅಂತ ಅವರ ವಾದ.

ಅವರು ಹೇಳಿದ್ದೆಲ್ಲ ಉಳಿಯುತ್ತೆ ಅಂತ ನಾನು ಹೇಳಲ್ಲ, ತೂಕ ಒಂದರಿಂದಲೇ ಕಾಲ ನಿರ್ಧಾರ ಮಾಡೋದು ಕಷ್ಟ. ಆದ್ರೆ ಅವರ ಭಿನ್ನಮತ ಹುಟ್ಟಿದ್ದು ಈ ಅಭ್ಯಾಸದಿಂದ ಅಂತ ನಂಗೆ ಖಾತ್ರಿ, ಪುರಾವೆ ನೋಡದೆ ಯಾರ ಮಾತೂ ಒಪ್ಪಲಿಲ್ಲ. ಗುಪ್ತರ ಕಾಲ ಸುವರ್ಣಯುಗ ಅನ್ನೋರಿಗೆ, ಗುಪ್ತರು ರಾಷ್ಟ್ರೀಯತೆಗೆ ಜೀವ ಕೊಡಲಿಲ್ಲ, ರಾಷ್ಟ್ರೀಯತೆಯೇ ಗುಪ್ತರಿಗೆ ಮರುಜೀವ ಕೊಡ್ತು ಅಂತ 1956ರ ಪುಸ್ತಕದಲ್ಲಿ ಬರೆದ್ರು. ಅದಕ್ಕೂ ಮೊದಲು, 1949ರಲ್ಲಿ, ಕಮ್ಯುನಿಸ್ಟ್ ನಾಯಕ ಡಾಂಗೆ ಬರೆದ ಪ್ರಾಚೀನ ಭಾರತದ ಪುಸ್ತಕವನ್ನ ಸರಿಯಾಗೇ ತರಾಟೆಗೆ ತಗೊಂಡಿದ್ರು, ಗ್ರೀಸ್, ರೋಮ್ ಥರದ ಗುಲಾಮಗಿರಿ ಯುಗ ಇಲ್ಲೂ ಇತ್ತು ಅಂತ ಅಚ್ಚು ಹಾಕಬೇಡಿ ಅಂತ. ಮಾರ್ಕ್ಸ್‌ವಾದಿ ಆದ ಮಾತ್ರಕ್ಕೆ ಮಾರ್ಕ್ಸ್ ಹೇಳಿದ್ದನ್ನೆಲ್ಲ ಹಾಗೇ ಒಪ್ಪಬೇಕಾ?

ಆಮೇಲೆ ಮುಂಬೈನ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್‌ನಲ್ಲಿ ಕೆಲಸ, ಅಲ್ಲಿಗೆ ಪುಣೆಯಿಂದ ಡೆಕ್ಕನ್ ಕ್ವೀನ್ ರೈಲಿನಲ್ಲಿ ಓಡಾಡ್ತಿದ್ರು, ಬಿಡುವಾದಾಗ ಪುಣೆ ಸುತ್ತಮುತ್ತ ನಡೆದುಕೊಂಡೇ ಹೋಗಿ ಸಣ್ಣ ಕಲ್ಲಿನ ಆಯುಧ, ಹಳ್ಳಿ ದೇವತೆಗಳ ಗುಡಿ ಹುಡುಕ್ತಿದ್ರು. ಅಣುಶಕ್ತಿ ಬದಲು ಸೌರಶಕ್ತಿ ಅಂತ ಹಠ ಹಿಡಿದಿದ್ದರಿಂದ ಆ ಸಂಸ್ಥೆಯ ಮುಖ್ಯಸ್ಥ ಹೋಮಿ ಭಾಭಾ ಜೊತೆ ಸರಿ ಹೋಗಲಿಲ್ಲ, 1962ರಲ್ಲಿ ಕೋಸಂಬಿ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ. 1966ರಲ್ಲಿ ತೀರಿಕೊಂಡ್ರು, ವಯಸ್ಸು ಬರೀ 58.

ಕೆಲಸದ ಒಂದು ಮಾತು. ಮನೇಲಿ ಹಳೇ ಬೆಳ್ಳಿ ನಾಣ್ಯ ಸಿಕ್ಕಿದ್ರೆ ದಯವಿಟ್ಟು ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ಉಜ್ಜಬೇಡಿ. ಹೊಳಪು ಬರುತ್ತೆ ನಿಜ, ಜೊತೆಗೆ ತೂಕಾನೂ ಹೋಗುತ್ತೆ, ಅದು ಸಂತೆಯಲ್ಲಿ ಸವೆದದ್ದಾ ಅಡುಗೆಮನೆಯಲ್ಲಾ ಅಂತ ಆಮೇಲೆ ಯಾರಿಗೂ ಗೊತ್ತಾಗಲ್ಲ. ಮಣ್ಣಿದ್ದ ಹಾಗೇ ಕಾಗದದಲ್ಲಿ ಸುತ್ತಿ ತನ್ನಿ, ನಮ್ಮ ರಿಜಿಸ್ಟರ್‌ನಲ್ಲಿ ತೊಳೆಯೋಕೆ ಮುಂಚಿನ ತೂಕಕ್ಕೇ ಬೇರೆ ಕಾಲಂ ಇಟ್ಟಿದೀವಿ.