‘ಹರಡಿದೆ’ ಅಂದ ಮೇಲೂ ಕರೆಂಟ್ ಕೊಡಬಹುದಾ?

"ಅವ್ವಂಗೆ ಶ್ವಾಸಕೋಶಕ್ಕೂ ಹರಡ್ಬುಟ್ಟದೆ ಅಂದವ್ರೆ. ಇನ್ನೇನೂ ಮಾಡಕ್ಕಾಗಲ್ವಾ ಡಾಕ್ಟ್ರೇ?"

ಮದ್ದೂರು ಕಡೆಯ ಹಳ್ಳಿಯಿಂದ ಮೈಸೂರಿಗೆ ತಾಯಿಯನ್ನು ಕರೆತಂದಿದ್ದ ಮಗನ ಪ್ರಶ್ನೆ. ಕೈಯಲ್ಲಿ ಬಟ್ಟೆ ಅಂಗಡಿಯ ಕವರ್, ಅದರ ತುಂಬ ಹಳೆಯ ರಿಪೋರ್ಟುಗಳು. ಮೂರು ವರ್ಷದ ಹಿಂದೆ ಆಕೆಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಆಗಿತ್ತು. ಐದು ವಾರ, 25 ಸಲ ಕರೆಂಟ್ ಕೊಟ್ಟು, ಆಮೇಲೆ ಒಳಗಿನಿಂದಲೂ ಕೊಟ್ಟು ವಾಸಿಯಾಗಿತ್ತು. ಈಗ ಬಲ ಶ್ವಾಸಕೋಶದ ಕೆಳಭಾಗದಲ್ಲಿ ಒಂದೂವರೆ ಸೆಂಟಿಮೀಟರಿನ ಒಂದೇ ಒಂದು ಗಂಟು. (ರೇಡಿಯೋಥೆರಪಿಗೆ ನಮ್ಮ ಕಡೆ ಕರೆಂಟ್ ಅಂತಾರೆ. ನಾನೂ ಹಾಗೇ ಹೇಳುತ್ತೇನೆ. ನಿಜದಲ್ಲಿ ಅದು ಎಕ್ಸ್‌ರೇ ಜಾತಿಯ ಕಿರಣ, ಶಾಕ್ ಹೊಡೆಯುವುದಿಲ್ಲ.)

‘ಹರಡಿದೆ’ ಅಂದ ತಕ್ಷಣ ಕೈಚೆಲ್ಲಬೇಡಿ. ಎಷ್ಟು ಕಡೆ ಹರಡಿದೆ ಅಂತ ಕೇಳಿ. ಎರಡೂ ಶ್ವಾಸಕೋಶದಲ್ಲಿ ರಾಗಿ ಚೆಲ್ಲಿದ ಹಾಗೆ ಇದ್ದರೆ ಔಷಧಿಯದ್ದೇ ಮುಖ್ಯ ಕೆಲಸ. ಒಂದೋ ಎರಡೋ, ಹೆಚ್ಚೆಂದರೆ ಐದರೊಳಗೆ ಇದ್ದು, ಮಿಕ್ಕ ಕಡೆ ಹತೋಟಿಯಲ್ಲಿದ್ದರೆ ಲೆಕ್ಕವೇ ಬೇರೆ. ಆಪರೇಷನ್ ಮಾಡಿ ತೆಗೆಯಬಹುದು, ಇಲ್ಲವೇ ಆ ಗಂಟಿಗೇ ಗುರಿಯಿಟ್ಟು ಜಾಸ್ತಿ ಡೋಸ್ ಕೊಡಬಹುದು. ಇದಕ್ಕೆ ಎಸ್‌ಬಿಆರ್‌ಟಿ ಅಂತ ಹೆಸರು. ಸಾಮಾನ್ಯವಾಗಿ ಮೂರರಿಂದ ಐದು ಸಲಕ್ಕೆ ಮುಗಿಯುತ್ತದೆ. ಗಂಟು ದೊಡ್ಡ ಶ್ವಾಸನಾಳದ ಪಕ್ಕದಲ್ಲಿದ್ದರೆ ಅಷ್ಟು ಜೋರಾಗಿ ಕೊಡುವುದು ಅಪಾಯ. ಆಗ ಡೋಸನ್ನು ಎಂಟು ಸಲಕ್ಕೋ ಅದಕ್ಕಿಂತ ಜಾಸ್ತಿಗೋ ಹಂಚುತ್ತೇವೆ.

ಮೊದಲು ಸೂಜಿ ಹಾಕಿ ಪರೀಕ್ಷೆ ಮಾಡಿಸಿದೆವು. ನಮ್ಮಲ್ಲಿ ಟಿಬಿಯ ಗಂಟು ಕೂಡ ಸ್ಕ್ಯಾನಿನಲ್ಲಿ ಹೀಗೇ ಕಾಣಬಹುದು. ಬಂದದ್ದು ಗರ್ಭಕೋಶದ ಬಾಯಿಯ ಕ್ಯಾನ್ಸರಿನದ್ದೇ ಕಣ.

ಕಷ್ಟದ ಕೆಲಸ ಉಸಿರಿನದು. ಉಸಿರಾಡಿದಾಗ ಶ್ವಾಸಕೋಶದ ಕೆಳಭಾಗದ ಗಂಟು ಒಂದೆರಡು ಸೆಂಟಿಮೀಟರ್ ಮೇಲೆ ಕೆಳಗೆ ಜಾರಬಹುದು. ಅಂದರೆ ಗಂಟಿನ ಅಳತೆಯಷ್ಟೇ! ಅದಕ್ಕೇ ಉಸಿರಿನ ಜೊತೆಗೇ ಫೋರ್‌ಡಿ ಸಿಟಿ ತೆಗೆಯುತ್ತೇವೆ, ಅಂದರೆ ಉಸಿರಾಡುವಾಗ ಗಂಟು ಹೇಗೆ ಜಾರುತ್ತದೆ ಅಂತ ತೋರಿಸುವ ಸ್ಕ್ಯಾನ್. ಬೆನ್ನ ಕೆಳಗೆ ಥರ್ಮಾಕೋಲ್ ಕಾಳು ತುಂಬಿದ ದಿಂಬು. ಗಾಳಿ ಎಳೆದರೆ ಮೈಯ ಅಚ್ಚು ಹಿಡಿದು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಆಕೆ ಅಲುಗಾಡಬಾರದು ಅಂತ ಉಸಿರನ್ನೇ ಬಿಗಿಹಿಡಿದಿದ್ದರು. "ಅಮ್ಮಾ, ಮನೇಲಿ ಮಲಗಿದ ಹಾಗೆ ಸುಮ್ನೆ ಉಸಿರಾಡಿ" ಅಂದೆ. ಪರದೆ ಮೇಲೆ ಉಸಿರನ್ನು ತೋರಿಸುವ ಗೆರೆ ಒಂದೇ ಸಮ ಆಗುವವರೆಗೆ ಕಾದೆವು. ಆ ಹತ್ತು ನಿಮಿಷ ನನಗೆ ಯಂತ್ರದಷ್ಟೇ ಮುಖ್ಯ.

"ಇದ್ರಿಂದ ಪೂರ್ತಿ ವಾಸಿ ಆಗ್ತದಾ?" ಮಗ ಕೇಳಿದ. ಮಾತು ಕೊಡಲಿಲ್ಲ. ಆ ಗಂಟು ಅಡಗುವ ಸಾಧ್ಯತೆ ಚೆನ್ನಾಗಿದೆ, ಬೇರೆ ಕಡೆ ಹೊಸದು ಬರಬಹುದು ಅಂದೆ. ಸೇಬರ್-ಕಾಮೆಟ್ ಅನ್ನುವ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಐದರೊಳಗೆ ಗಂಟು ಇದ್ದ 99 ಜನರಲ್ಲಿ, ಮಾಮೂಲಿ ಚಿಕಿತ್ಸೆಯವರು ಬದುಕಿದ ಮಧ್ಯಮ ಅವಧಿ (ಅರ್ಧ ಜನ ಇದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ) 28 ತಿಂಗಳು, ಇಂಥ ಕರೆಂಟೂ ಸಿಕ್ಕವರದ್ದು 41 ತಿಂಗಳು. ಅವರಲ್ಲಿ ಬೇರೆ ಬೇರೆ ಕ್ಯಾನ್ಸರಿನವರಿದ್ದರು. ಕರೆಂಟ್ ಪಡೆದ 66 ಜನರಲ್ಲಿ ಮೂವರು ಚಿಕಿತ್ಸೆಯ ತೊಂದರೆಯಿಂದಲೇ ತೀರಿಕೊಂಡಿದ್ದರು. ಎರಡನ್ನೂ ಹೇಳಿದೆ. ಕೇಳುವ ಹಕ್ಕು ಅವರದು, ಅಲ್ವಾ?

ನಾಲ್ಕು ಸಲ ಕೊಟ್ಟೆವು. ನೋವಿಲ್ಲ. ಈ ಕರೆಂಟ್ ಮೈಯಲ್ಲಿ ಉಳಿಯುವುದಿಲ್ಲ, ಮೊಮ್ಮಗುವನ್ನು ಎತ್ತಿಕೊಳ್ಳಬಹುದು.

ಎರಡು ತಿಂಗಳಾದ ಮೇಲೆ ಒಣಕೆಮ್ಮು, ಏದುಸಿರು ಶುರುವಾಯಿತು. ಊರಿನಲ್ಲಿ ಎರಡು ಸಲ ಆಂಟಿಬಯಾಟಿಕ್ ಬರೆಸಿಕೊಂಡಿದ್ದರು, ಕಡಿಮೆಯಾಗಿರಲಿಲ್ಲ. ಅದು ಕಿರಣದಿಂದ ಬರುವ ಶ್ವಾಸಕೋಶದ ಉರಿಯೂತ. ಚಿಕಿತ್ಸೆ ಮುಗಿದ ಆರು ತಿಂಗಳೊಳಗೆ ಬರುವುದು ಹೆಚ್ಚು. ಜಾಸ್ತಿ ಇದ್ದರೆ ಸ್ಟೀರಾಯ್ಡ್ ಬೇಕು, ನಿಧಾನಕ್ಕೆ ಇಳಿಸಬೇಕು. ಹಾಗಾಗಿ ಯಾವ ಡಾಕ್ಟರ ಹತ್ತಿರ ಹೋದರೂ "ಎದೆಗೆ ಕರೆಂಟ್ ಆಗಿದೆ" ಅಂತ ಮೊದಲೇ ಹೇಳಿ.

ಮುಂದಿನ ಸ್ಕ್ಯಾನಿನಲ್ಲಿ ಗಂಟಿನ ಜಾಗ ಮೊದಲಿಗಿಂತ ದೊಡ್ಡದಾಗಿ ಕಂಡಿತು. ಮನೆಯವರ ಮುಖ ಬಾಡಿತು. ಕರೆಂಟ್ ತಾಗಿದ ಜಾಗದ ಗಾಯ ಮಾಗುವಾಗಲೂ ಹಾಗೇ ಕಾಣುತ್ತದೆ. ಹಳೆಯ ಸ್ಕ್ಯಾನಿನ ಸಿಡಿ ಪಕ್ಕದಲ್ಲಿಟ್ಟು ನೋಡಿದರಷ್ಟೇ ವ್ಯತ್ಯಾಸ ತಿಳಿಯುವುದು. ಪುಣ್ಯಕ್ಕೆ ಆ ಬಟ್ಟೆ ಅಂಗಡಿ ಕವರಿನಲ್ಲಿ ಎಲ್ಲವೂ ಇತ್ತು.